ಖುಷಿಯಾದವರ ಗೋಡೆ

ಕೋಣೆಯ ಬಾಗಿಲು ತೆಗೆದ ಕೂಡಲೇ ಟೈಲರಮ್ಮನ ಮೂಗಿಗೆ ಬಡಿದದ್ದು ಹಸಿ ಕಂಬಳಿಯ ಮುಗ್ಗಲು ವಾಸನೆ. ಬೆಟ್ಟದ ತುದಿಯ ಹೋಟೆಲು, ಕಿಟಕಿ ತೆಗೆದರೆ ಮೋಡ ಒಳಗೇ ಬರುತ್ತದೆ ಎಂದೆಲ್ಲ ಜಾಹೀರಾತಿನಲ್ಲಿ ಬರೆದಿದ್ದರು. ಮೋಡದ ಮಾತು ಹಾಗಿರಲಿ, ಕಿಟಕಿಯನ್ನೇ ತೆಗೆಯಲು ಬರುತ್ತಿರಲಿಲ್ಲ. ಯಾವನೋ ಪುಣ್ಯಾತ್ಮ ಅದನ್ನು ಚೌಕಟ್ಟಿಗೆ ಸೇರಿಸಿಯೇ ಬಣ್ಣ ಬಳಿದುಬಿಟ್ಟಿದ್ದ. ಹಾಸಿಗೆಯ ನಡುವೆ ಮಾತ್ರ ಟವೆಲಿನಲ್ಲಿ ಮಾಡಿದ ಹಂಸವೊಂದು ಕತ್ತು ಕೊಂಕಿಸಿಕೊಂಡು ಮಹಾರಾಣಿಯ ಹಾಗೆ ಕೂತಿತ್ತು.

"ಅಬ್ಬಾ, ಎಷ್ಟು ಚೆನ್ನಾಗಿ ಮಾಡಿದಾರೆ ನೋಡೇ!" ಎಂದ ಗಂಡ.

ಆಕೆ ಮುಖ ತೊಳೆದು ಬಂದು ಒರೆಸಿಕೊಳ್ಳೋಣ ಎಂದು ಹಂಸದ ಕತ್ತು ಬಿಚ್ಚಿದಳು. ಒಳಮಡಿಕೆಯಲ್ಲಿ ಯಾರದೋ ಉದ್ದನೆಯ ಕೂದಲು, ಅದರ ಪಕ್ಕದಲ್ಲೇ ಲಿಪ್‌ಸ್ಟಿಕ್ ಒರೆಸಿದ ಗುರುತು. ಒಗೆಯದ ಟವೆಲನ್ನೇ ಮಡಚಿ ಹಕ್ಕಿ ಮಾಡಿ ಕೂರಿಸಿದ್ದರು. ಥೂ! ನೀರಿನಲ್ಲಿ ಅದ್ದಲು ಮೈಗಳ್ಳತನ, ಹಂಸ ಮಾಡಲು ಮಾತ್ರ ಎಲ್ಲಿಲ್ಲದ ಉತ್ಸಾಹ!

"ರೀ, ಇದನ್ನ ನೋಡಿ."

ಗಂಡ ನೋಡಿದ. "ಹೋಗ್ಲಿ ಬಿಡು, ನಮ್ಮ ಟವೆಲ್ ತಂದಿದೀವಲ್ಲ," ಎಂದ.

ಹೋಗ್ಲಿ ಬಿಡು! ಈ ಗುಮಾಸ್ತ ಗಂಡನ ಬಾಯಲ್ಲಿ ಹಗಲೂ ರಾತ್ರಿ ಅದೊಂದೇ ಮಾತು. ಬಸ್ಸಿನಲ್ಲಿ ಹಿಡಿದಿಟ್ಟ ಸೀಟಿನಲ್ಲಿ ಬೇರೆಯವರು ಕೂತರೆ ಹೋಗ್ಲಿ ಬಿಡು, ತನಗೆ ಬರಬೇಕಾದ ಬಡ್ತಿ ಇನ್ನೊಬ್ಬನ ಪಾಲಾದರೂ ಹೋಗ್ಲಿ ಬಿಡು. ಅವನು ಬಿಟ್ಟದ್ದನ್ನೆಲ್ಲ ಹಿಡಿದು ಜಗ್ಗಾಡುವ ಕೆಲಸ ಹೆಂಡತಿಯ ತಲೆಗೆ ಬಿದ್ದಿತ್ತು. ಹಾಲಿಗೆ ನೀರು ಬೆರೆಸಿದವನ ಜೊತೆ, ಬಾಗಿಲ ಮುಂದೆ ಕಸ ಸುರಿದವರ ಜೊತೆ, ಎಲ್ಲರ ಜೊತೆಗೂ ಆಕೆಯೇ ಗಂಟಲು ಹರಿದುಕೊಳ್ಳಬೇಕು. ಹೀಗಾಗಿ ಬೀದಿಯಲ್ಲಿ ಅವನಿಗೆ ದೇವರಂಥ ಮನುಷ್ಯ ಎಂಬ ಹೆಸರು, ಆಕೆಗೆ ಬಾಯಿಬಡಕಿ ಎಂಬ ಬಿರುದು.

ಆದರೆ ಈ ಸಲ ಹಾಗೆ ಬಿಡುವಂತಿರಲಿಲ್ಲ. ಮನೆಯ ಮುಂದಿನ ಕೋಣೆ, ಬೀದಿಗೆ ಬಾಗಿಲಿರುವುದು, ಆಕೆಯ ಟೈಲರಿಂಗ್ ಅಂಗಡಿ. ಅದನ್ನು ತನ್ನ ಮಗನ ಮೊಬೈಲ್ ಅಂಗಡಿಗೆ ಬಿಟ್ಟುಕೊಡಿ ಎಂದು ಭಾವ, ಅಂದರೆ ಗಂಡನ ಅಣ್ಣ, ಬೆನ್ನು ಹತ್ತಿದ್ದ. ಹೊಲಿಗೆ ಮಿಷನ್ನನ್ನು ಅಡುಗೆಮನೆಯ ಮೂಲೆಗೆ ಹಾಕಿಕೊಳ್ಳಲಿ ಎಂದು ಅಪ್ಪಣೆ ಬೇರೆ. ಮನೆ ಗಂಡನ ಹೆಸರಿನಲ್ಲಿದೆ, ಇಲ್ಲ ಎನ್ನಬೇಕಾದವನು ಅವನೇ. ನೀವು ಬೆಟ್ಟ ಇಳಿಯುವ ದಿನ ಫೋನ್ ಮಾಡುತ್ತೇನೆ, ಉತ್ತರ ಹೇಳು ಎಂದಿದ್ದ ಭಾವ.

"ಕೇಳಿಸ್ಕೊಳ್ಳಿ," ಎಂದಳು ಆಕೆ, ಟವೆಲನ್ನು ಎರಡು ಬೆರಳಿನಲ್ಲಿ ಎತ್ತಿ ಮೂಲೆಗೆ ಎಸೆದು. "ಇಲ್ಲಿ ನಾನು ಬಾಯಿ ಬಿಡಲ್ಲ. ಏನಿದ್ರೂ ನೀವೇ ಕೇಳ್ಬೇಕು. ಗುರುತು ಪರಿಚಯ ಇಲ್ಲದ ಮ್ಯಾನೇಜರ್ ಮುಂದೆ ಇದು ಸರಿಯಿಲ್ಲ ಅನ್ನೋಕೆ ನಾಲಗೆ ಏಳ್ದಿದ್ರೆ, ನಿಮ್ಮಣ್ಣನ ಮುಂದೆ ಏನು ಹೇಳ್ತೀರ?"

"ಹೇಳ್ತೀನಮ್ಮಾ ತಾಯಿ, ಖಂಡಿತ ಹೇಳ್ತೀನಿ. ಮೊದಲು ಊಟ ಮಾಡೋಣ ಬಾ."

ಊಟದ ಹಾಲಿಗೆ ಹೋಗುವ ದಾರಿಯಲ್ಲೇ ಕೌಂಟರು. ಅದರ ಹಿಂದಿನ ಗೋಡೆಯ ತುಂಬ ಫೋಟೋಗಳು, ಮೇಲೆ ದಪ್ಪಕ್ಷರದಲ್ಲಿ 'ಖುಷಿಯಾದ ನಮ್ಮ ಅತಿಥಿಗಳು' ಎಂಬ ಬೋರ್ಡು. ಗಂಡ ಹೆಂಡತಿ, ಅಜ್ಜ ಅಜ್ಜಿ, ಮಕ್ಕಳೊಂದಿಗರು, ಎಲ್ಲರೂ ಹಣ್ಣಿನ ಬುಟ್ಟಿ ಹಿಡಿದು ನಗುತ್ತಿದ್ದರು.

"ನೋಡು, ಇಷ್ಟು ಜನ ಖುಷಿಯಾಗಿದಾರೆ," ಎಂದ ಗಂಡ. "ನಮಗೇ ಎಲ್ಲೋ ಕೋಣೆ ಕೆಟ್ಟದು ಸಿಕ್ಕಿದೆ ಅಷ್ಟೇ."

ಸೂಪು ತಂದ ಬಡಿಸುವವನ ಹೆಬ್ಬೆರಳು ಗಿಣ್ಣಿನವರೆಗೆ ಸೂಪಿನಲ್ಲೇ ಮುಳುಗಿತ್ತು. ಬಟ್ಟಲಿಟ್ಟು ಬೆರಳು ಚೀಪಿಕೊಂಡ. ಹೆಗಲ ಮೇಲಿನ ಬಟ್ಟೆಯಿಂದ ಮೇಜು ಒರೆಸಿ, ಅದೇ ಬಟ್ಟೆಯಿಂದ ಚಮಚ ಒರೆಸಿ, ಆಕೆಯ ಕೈಗೇ ಕೊಟ್ಟ. ಟೈಲರಮ್ಮ ಗಂಡನ ಮುಖ ನೋಡಿದಳು. ಅವನು ತಲೆ ತಗ್ಗಿಸಿ ಬ್ರೆಡ್ಡು ಮುರಿಯುತ್ತಿದ್ದ. ಆಕೆ ಆ ಹೊತ್ತು ಬಾಳೆಹಣ್ಣಿನಲ್ಲೇ ಹೊಟ್ಟೆ ತುಂಬಿಸಿಕೊಂಡಳು, ಸಿಪ್ಪೆ ಸುಲಿದು ತಿನ್ನುವುದಾದ್ದರಿಂದ.

ಮಾರನೆಯ ಬೆಳಿಗ್ಗೆ ಎಲ್ಲವನ್ನೂ ಮೀರಿಸಿದ್ದು ಬಚ್ಚಲು. ಪಕ್ಕದ ಕೋಣೆಯವರು ಸ್ನಾನಕ್ಕೆ ನಿಂತದ್ದೇ ತಡ, ಅವರ ಸೋಪಿನ ನೊರೆ ಇವರ ಬಚ್ಚಲ ತೂತಿನಿಂದ ಗುಳುಗುಳು ಎಂದು ಮೇಲೆ ಬಂತು. ನೊರೆಯ ಹಿಂದೆ ಬೂದು ನೀರು, ನೀರಿನಲ್ಲಿ ಕೂದಲಿನ ಉಂಡೆ, ಉಂಡೆಗೆ ಅಂಟಿಕೊಂಡ ಯಾರದೋ ಬ್ಯಾಂಡೇಜು. ಅದು ತೇಲುತ್ತ ಬಂದು ಆಕೆಯ ಕಾಲ್ಬೆರಳಿಗೆ ತಾಗಿ ನಿಂತಿತು. ಆಕೆ ಹೊರಗೆ ಓಡಿ ಬಂದು ವಾಕರಿಸಿದಳು. ಗಂಡನಿಗೆ ಬಾಗಿಲಿನತ್ತ ಬೆರಳು ತೋರಿಸಿದಳು.

ಅವನು ಅಂಗಿಯ ಗುಂಡಿ ಹಾಕಿಕೊಂಡು ಕೆಳಗೆ ಹೋದ. ಬಹಳ ಹೊತ್ತಾದ ಮೇಲೆ ಎದೆ ಮುಂದೆ ಮಾಡಿಕೊಂಡು ಬಂದ.

"ಹೇಳ್ದೆ."

"ನಿಜವಾಗ್ಲೂ?"

"ಟವೆಲ್ಲು, ಚಮಚ, ಬಚ್ಚಲು, ಒಂದೂ ಬಿಡಲಿಲ್ಲ. ಮ್ಯಾನೇಜರ್ ಪೆಚ್ಚಾಗಿಬಿಟ್ಟ!"

ಆಕೆಗೆ ಅಲ್ಲೇ ಕಣ್ಣು ತುಂಬಿ ಬಂತು. ಕೋಣೆಗೆ ಆಮೇಲೆ ಬಂದದ್ದು ಮಲ್ಲಿಗೆ ವಾಸನೆಯ ಸ್ಪ್ರೇ ಒಂದೇ; ಮುಗ್ಗಲಿಗೆ ಮಲ್ಲಿಗೆ ಬೆರೆತು ಉಸಿರಾಡುವುದೇ ಕಷ್ಟವಾಯಿತು. ಆದರೂ ಆಕೆ ಗೊಣಗಲಿಲ್ಲ. ಸಂಜೆ ಗಂಡನ ತೋಳು ಹಿಡಿದು ಬೆಟ್ಟದ ಅಂಚಿನವರೆಗೆ ನಡೆದಳು. ನನ್ನ ಗಂಡನಿಗೂ ಬಾಯಿದೆ, ಅಂಗಡಿ ಉಳಿಯಿತು ಎಂದುಕೊಂಡಾಗ ಎಷ್ಟೋ ತಿಂಗಳಿನಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತು.

ಹೊರಡುವ ದಿನ ಕೌಂಟರಿನಲ್ಲಿ ಮ್ಯಾನೇಜರು ಹಳದಿ ರಿಬ್ಬನ್ ಕಟ್ಟಿದ ಹಣ್ಣಿನ ಬುಟ್ಟಿ ಹಿಡಿದು ಹಲ್ಲು ಕಿಸಿಯುತ್ತ ನಿಂತಿದ್ದ.

"ತಗೊಳ್ಳಿ ಸರ್. ದೂರು ಹೇಳಿದ ಅತಿಥಿಗಳಿಗೆ ನಮ್ಮ ಹೋಟೆಲಿನ ಮರ್ಯಾದೆ. ಒಂದು ಫೋಟೋ ಸರ್, ಸ್ವಲ್ಪ ನಗಿ." ಆಮೇಲೆ ಆಕೆಯ ಕಡೆ ತಿರುಗಿದ. "ಮೇಡಂ, ಬೇಜಾರು ಮಾಡ್ಕೋಬೇಡಿ. ಸರ್ ಎಲ್ಲಾ ಬಿಡಿಸಿ ಹೇಳಿದ್ರು. ಅವರಿಗೇನೂ ತೊಂದರೆ ಇಲ್ವಂತೆ, ನಿಮಗೇ ಸ್ವಲ್ಪ ಹೇಸಿಗೆ ಜಾಸ್ತಿ, ಮನೇಲೂ ಹೀಗೇ ಅಂದ್ರು. ನಮ್ಮತ್ತೇನೂ ಥೇಟ್ ಹಾಗೇ ಮೇಡಂ!"

ಟೈಲರಮ್ಮ ಗಂಡನತ್ತ ತಿರುಗಿದಳು. ಅವನು ಬುಟ್ಟಿಯನ್ನು ಎದೆಗವಚಿಕೊಂಡು ಕ್ಯಾಮೆರಾ ನೋಡಿ ನಗುತ್ತಿದ್ದ. "ಬಾರೇ, ನೀನೂ ನಿಂತ್ಕೋ," ಎಂದು ಕರೆದ. ಆಕೆ ಕದಲಲಿಲ್ಲ.

ಫೋಟೋ ಆದ ಕೂಡಲೇ ಕೌಂಟರಿನ ಹುಡುಗಿ ಬಂದು, ಕೊಡಿ ಸರ್ ಎಂದು ಬುಟ್ಟಿಯನ್ನು ವಾಪಸು ಇಸಿದುಕೊಂಡಳು. ಆ ಭರದಲ್ಲಿ ಒಂದು ಸೇಬು ಕೆಳಗೆ ಬಿದ್ದು, ಟಕ್ ಟಕ್ ಎಂದು ಪುಟಿದು, ಕುರ್ಚಿಯ ಕೆಳಗೆ ಹೋಯಿತು. ಪ್ಲಾಸ್ಟಿಕ್ಕು! ಹುಡುಗಿ ನಾಚಿಕೆಯಿಲ್ಲದೆ ಅದನ್ನು ಹೆಕ್ಕಿ, ತೋಳಿಗೆ ಒರೆಸಿ, ಬುಟ್ಟಿಗೆ ಹಾಕಿ, ಕೌಂಟರಿನ ಕೆಳಗೆ ತಳ್ಳಿದಳು.

ಟೈಲರಮ್ಮ ಗೋಡೆ ನೋಡಿದಳು. ಅದೇ ಹಳದಿ ರಿಬ್ಬನ್ನು, ಅದೇ ಸೇಬು, ಎಲ್ಲರ ಕೈಯಲ್ಲೂ ಅದೇ ಬುಟ್ಟಿ. ಅಯ್ಯೋ, ಇವರೆಲ್ಲ ದೂರು ಹೇಳಲು ಬಂದವರು! ಒಬ್ಬೊಬ್ಬರ ಕಾಲಿಗೂ ಒಂದೊಂದು ಬ್ಯಾಂಡೇಜು ತಾಗಿದೆ, ಒಬ್ಬೊಬ್ಬರೂ ಪ್ಲಾಸ್ಟಿಕ್ ಹಣ್ಣು ಹಿಡಿದು ಹಲ್ಲು ಬಿಟ್ಟಿದ್ದಾರೆ. ಈಗ ಅಲ್ಲಿಗೆ ತನ್ನ ಗಂಡನೂ ಸೇರುತ್ತಾನೆ. ಬಚ್ಚಲಲ್ಲಿ ಬಂದ ವಾಕರಿಕೆಯೇ ಮತ್ತೆ ಗಂಟಲಿಗೆ ಬಂತು, ಈ ಸಲ ಅದು ಹೋಟೆಲಿನ ಮೇಲಲ್ಲ.

ಹೊರಗೆ ಬಾಡಿಗೆ ಕಾರಿಗೆ ಪೆಟ್ಟಿಗೆ ತುಂಬುತ್ತಿರುವಾಗ ಗಂಡನ ಫೋನು ಹೊಡೆದುಕೊಂಡಿತು.

"ಹೇಳಣ್ಣ... ಹಾಂ, ಈಗ ಇಳೀತಿದೀವಿ. ಅಂಗಡಿ ವಿಷಯಾನಾ?" ಅವನು ಹೆಂಡತಿಯ ಕಡೆ ಬೆನ್ನು ಹಾಕಿ ದನಿ ಇಳಿಸಿದ. "ಛೇ ಛೇ, ನನ್ನದೇನೂ ಇಲ್ಲಣ್ಣ. ನನಗೇನು ತೊಂದರೆ? ಇವಳಿಗೇ ಸ್ವಲ್ಪ..."

ಟೈಲರಮ್ಮ ಫೋನನ್ನು ಅವನ ಕಿವಿಯಿಂದಲೇ ಕಿತ್ತುಕೊಂಡಳು.

"ಭಾವ, ನಾನು. ಹೌದು, ನನಗೇ ತೊಂದರೆ. ಅಂಗಡಿ ನಾನು ಕಟ್ಟಿ ಬೆಳೆಸಿದ್ದು, ಬೀಗದ ಕೈ ನನ್ನ ಚೀಲದಲ್ಲಿದೆ, ಕೊಡಲ್ಲ. ಯಾರ ಹತ್ರ ಹೇಳ್ತೀರೋ ಹೇಳ್ಕೊಳ್ಳಿ. ಬಾಯಿಬಡಕಿ ಅಂತ ಹೇಗೂ ಹೆಸರಿದೆ."

ಅತ್ತ ಕಡೆ ಭಾವ ಏನೋ ಕೂಗಾಡುತ್ತಿದ್ದ. ಆಕೆ ಫೋನ್ ಕಟ್ ಮಾಡಿ ಗಂಡನ ಕೈಗಿಟ್ಟಳು. ಬೈಯುತ್ತಾನೇನೋ, ಒಂದು ಮಾತಾದರೂ ಎದುರಾಡುತ್ತಾನೇನೋ ಎಂದು ಕಾದಳು. ಜಗಳವಾದರೂ ಸರಿ, ಗಂಡು ಪ್ರಾಣಿಯ ದನಿಯೊಂದು ಕೇಳಲಿ ಎಂದುಕೊಂಡಳು. ಅವನ ಮುಖದಲ್ಲಿ ಬೆವರು ಆರಿ, ಬುಟ್ಟಿ ಹಿಡಿದಾಗಿನ ಅದೇ ನಗು ಮೂಡಿತು.

"ಒಳ್ಳೇದಾಯ್ತು ಬಿಡು, ನೀನೇ ಹೇಳಿದ್ದು," ಎಂದ.

ಆಕೆ ಡ್ರೈವರನ ಪಕ್ಕದ ಸೀಟಿನಲ್ಲಿ ಹೋಗಿ ಕೂತು, ಕಿಟಕಿಯ ಗಾಜು ಪೂರ್ತಿ ಇಳಿಸಿದಳು. ಮೊದಲ ತಿರುವು ದಾಟುವುದರೊಳಗೆ ಹಿಂದಿನ ಸೀಟಿನಿಂದ ಗೊರಕೆ ಕೇಳಿಸಿತು.