ಒರಟು ಎಂದಿದ್ದ ವೈನ್

ಹಳೆಯ ವೈನ್ ಬಾಟಲಿಗಳ ಬಿರಡೆ ಬದಲಿಸುವುದು ನಮ್ಮ ಮನೆಯ ಕಸುಬು. ಇಪ್ಪತ್ತೈದು ವರ್ಷ ದಾಟಿದರೆ ಬಿರಡೆ ಸೊರಗಿ, ಒಳಗಿನದು ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತದೆ. ಆಗ ಅದೇ ವೈನಿನ ಒಂದು ಬಾಟಲಿಯನ್ನು ಬಲಿ ಕೊಟ್ಟು ಉಳಿದವನ್ನು ಕಂಠದವರೆಗೆ ತುಂಬಬೇಕು. ಅದಕ್ಕೂ ಮೊದಲು ಅಪ್ಪ ರುಚಿ ನೋಡಬೇಕು. ಸತ್ವ ಹೋದ ವೈನಿಗೆ ನಮ್ಮ ಮುದ್ರೆಯ ಬಿರಡೆ ಹಾಕುವುದಿಲ್ಲ, ಯಾರು ಗೋಗರೆದರೂ ಅಷ್ಟೇ. ಗೋಗರೆದವರನ್ನು ಬೈದು ಕಳಿಸುವ ಕೆಲಸ ನನ್ನದು, ಅದು ನನಗೆ ಚೆನ್ನಾಗಿ ಬರುತ್ತದೆ.

ಆ ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲೇ ಪಕ್ಕದ ಬೀದಿಯ ಟೈಲರಮ್ಮ ಬಂದು ನಿಂತಿದ್ದರು. ಅವರ ಚೀಲದಲ್ಲಿ ಚಿಂದಿ ಬಟ್ಟೆ ಸುತ್ತಿದ ಐದು ಬಾಟಲಿಗಳಿದ್ದವು.

"ಇದೆಲ್ಲಿ ಸಿಕ್ತು ನಿಮಗೆ?" ಎಂದೆ.

"ಸಿಗೋದೇನು ಬಂತು, ನಾನೇ ಮಾಡಿದ್ದು. ಇಪ್ಪತ್ತಾರು ವರ್ಷ ಆಯ್ತು. ನಿಮ್ಮಪ್ಪನಿಗೆ ಗೊತ್ತು."

ಕನ್ನಡಕ ಒರೆಸುತ್ತಿದ್ದ ಅಪ್ಪನ ಕೈ ನಿಂತಿತು. ಟೈಲರಮ್ಮನ ಬಾಯಿಂದ ನನಗೆ ವಿಷಯ ತಿಳಿದದ್ದು ಆಗಲೇ. ಆ ಕಾಲದಲ್ಲಿ ಅವರು ಒಂದು ದ್ರಾಕ್ಷಿತೋಟದಲ್ಲಿ ವೈನ್ ತಯಾರಿಸುತ್ತಿದ್ದರಂತೆ. ಅವರೊಬ್ಬರೇ ನಿಂತು ಮಾಡಿದ ಮೊದಲ ಕೆಂಪು ವೈನ್ ಅದು. ತೋಟದ ಮಾಲೀಕ ಅಪ್ಪನ ಅಭಿಪ್ರಾಯ ಕೇಳಿದ. ಅಪ್ಪ ಚೀಟಿಯಲ್ಲಿ ಬರೆದುಕೊಟ್ಟದ್ದು ಒಂದೇ ಪದ: ಒರಟು. ಮಾಲೀಕ ಪೀಪಾಯಿಗಳನ್ನೆಲ್ಲ ಅಗ್ಗದ ವೈನಿಗೆ ಸುರಿಸಿ, ಇವರನ್ನು ಮನೆಗೆ ಕಳಿಸಿದ. ಉಳಿದದ್ದು ಇವರು ಮೊದಲೇ ತುಂಬಿಟ್ಟುಕೊಂಡಿದ್ದ ಈ ಐದು ಬಾಟಲಿ ಮಾತ್ರ. ಅಂದಿನಿಂದ ಇವರದು ಹೊಲಿಗೆ ಮೆಷಿನ್ನು. ನನಗೆ ಅಪ್ಪನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

"ಇಷ್ಟು ವರ್ಷ ನೀವು ತೆಗೆದು ನೋಡಲೇ ಇಲ್ವಾ?"

"ಧೈರ್ಯ ಬರಲಿಲ್ಲಮ್ಮ. ಅವರು ಬರೆದದ್ದೇ ನಿಜ ಆಗಿಬಿಟ್ರೆ? ಈಗ ಬಿರಡೆ ಒಸರ್ತಾ ಇದೆ. ಇನ್ನೂ ತಡ ಮಾಡಿದ್ರೆ ಯಾವತ್ತೂ ಗೊತ್ತಾಗಲ್ಲ. ಅವರೇ ಕುಡಿದು ಹೇಳಲಿ."

ನಾನೇ ಒಂದು ಬಾಟಲಿ ತೆಗೆದೆ. ಬಿರಡೆ ಪುಡಿಪುಡಿಯಾಗಿ ಬಂತು. ಬಟ್ಟೆಯಲ್ಲಿ ಸೋಸಿ ಮೂರು ಲೋಟಕ್ಕೆ ಹಾಕಿದೆ. ನಡುವೆ ಕಡುಗೆಂಪು, ಅಂಚಿನಲ್ಲಿ ಇಟ್ಟಿಗೆಯ ಬಣ್ಣ. ಮೂಗಿಗೆ ಹಿಡಿದರೆ ಬರೀ ಮುಚ್ಚಿಟ್ಟ ಬೀರುವಿನ ವಾಸನೆ. ಮುಗೀತು ಕಥೆ ಅಂದುಕೊಂಡೆ. ಅಪ್ಪ ಮಾತ್ರ ತಾಳು ಎಂಬಂತೆ ಕೈ ತೋರಿಸಿದರು.

ಹತ್ತು ನಿಮಿಷ ಲೋಟಗಳನ್ನು ಹಾಗೇ ಗಾಳಿಗೆ ಬಿಟ್ಟೆವು. ಆಮೇಲೆ ಅದು ನಿಧಾನಕ್ಕೆ ಬಿಚ್ಚಿಕೊಂಡಿತು ನೋಡಿ, ಏನು ಹೇಳಲಿ! ಮೊದಲು ಒಣಗಿದ ಗುಲಾಬಿ, ಹಿಂದೆಯೇ ಹೊಗೆಸೊಪ್ಪು, ಹೊಸ ಚರ್ಮ, ನೆನೆದ ಮಣ್ಣು. ಬಾಯಿಗೆ ಹಾಕಿದರೆ ರೇಷ್ಮೆ. ಒಗರು ಹೋಗಿರಲಿಲ್ಲ, ಒಳ್ಳೆಯ ಕೋಟಿನ ಅಸ್ತರಿನಂತೆ ಒಳಗಿದ್ದುಕೊಂಡೇ ಮೇಲಿನದನ್ನೆಲ್ಲ ಹಿಡಿದು ನಿಲ್ಲಿಸಿತ್ತು. ನುಂಗಿ ಎಷ್ಟು ಹೊತ್ತಾದರೂ ರುಚಿ ನಾಲಿಗೆ ಬಿಡಲಿಲ್ಲ. ಇಂಥದ್ದನ್ನು ನಾನು ಕುಡಿದೇ ಇರಲಿಲ್ಲ.

ಅಪ್ಪ ರುಚಿ ನೋಡಿದ್ದನ್ನು ಯಾವತ್ತೂ ಉಗುಳುತ್ತಾರೆ, ಅದು ಕಸುಬಿನ ಶಿಸ್ತು. ಅವತ್ತು ನುಂಗಿದರು. ಮತ್ತೊಂದು ಗುಟುಕು ಕುಡಿದರು. ಆಮೇಲೆ ಎದ್ದು ನಿಂತರು.

"ಅವತ್ತು ಒಗರು ಜಾಸ್ತಿಯಾಗಿ ಒರಟಾಗೇ ಇತ್ತು. ಆದ್ರೆ ಆ ಒರಟುತನವೇ ಇಷ್ಟು ವರ್ಷ ಇದನ್ನ ಕಾಪಾಡಿದೆ. ಕಾಯಬೇಕು ಅಂತ ಬರೀಬೇಕಿತ್ತು, ಅವಸರದಲ್ಲಿ ತೀರ್ಪು ಬರೆದುಬಿಟ್ಟೆ. ಈ ಕೈಯಲ್ಲಿ ಇದಕ್ಕಿಂತ ಒಳ್ಳೇ ವೈನಿಗೆ ಬಿರಡೆ ಹಾಕಿಲ್ಲ. ನನ್ನದು ತಪ್ಪಾಯ್ತು ತಾಯಿ."

ಟೈಲರಮ್ಮ ಆಗ ಲೋಟ ಎತ್ತಿದರು. ಒಂದು ಗುಟುಕನ್ನು ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡು ನುಂಗಿದರು. ಕಣ್ಣು ತುಂಬಿತ್ತು, ಮುಖದಲ್ಲಿ ನಗು.

"ಚೆನ್ನಾಗಿದೆ ಅಲ್ವಾ?" ಎಂದು ನನ್ನನ್ನು ಕೇಳಿದರು, ಬೇರೆ ಯಾರೋ ಮಾಡಿದ್ದೆಂಬಂತೆ. ಆಮೇಲೆ ಅಪ್ಪನ ಕಡೆ ತಿರುಗಿದರು. "ಕಾಯಬೇಕು ಅಂತ ಅವತ್ತು ಬರೆದಿದ್ರೆ, ಇಂಥದ್ದು ಇನ್ನೂ ಇಪ್ಪತ್ತೈದು ವರ್ಷ ಮಾಡ್ತಿದ್ದೆ ಯಜಮಾನ್ರೇ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅಪ್ಪ ಹೇಗೋ ತಡೆದುಕೊಳ್ಳುತ್ತಿದ್ದರು.