ಗುಲಾಬಿ ಬಿಟ್ಟು ಯಾವುದಾದರೂ

ಗುಲಾಬಿ, ಅದರ ಅಡಿಯಲ್ಲಿ ಗುಲಾಬಿ, ಅದರಡಿಯಲ್ಲಿ ತುಸು ನಾಚಿಕೊಂಡ ಗುಲಾಬಿ — ಅಂಗಡಿಯ ಕಲ್ಲೇಶಪ್ಪ ಕೂಸಿನ ಅಂಗಿಗಳನ್ನು ಒಂದೊಂದಾಗಿ ಕೊಡವಿ ಜಮಖಾನದ ಮೇಲೆ ಹಾಸುತ್ತಿದ್ದಾನೆ, ಇಸ್ಪೀಟು ಹಂಚುವವನ ಹಾಗೆ, ಆದರೆ ಎಲೆಯೆಲ್ಲ ಒಂದೇ ಬಣ್ಣದ್ದು, ಇಂಥ ಕಟ್ಟಿನಲ್ಲಿ ಯಾರು ಆಡಿ ಯಾರು ಗೆಲ್ಲುವುದು ಎಂದುಕೊಂಡಳು ಬೊಳ್ಳಮ್ಮ, ಮಡಿಕೇರಿ ಪೇಟೆಯಲ್ಲಿ ಇದು ಮೂರನೇ ಅಂಗಡಿ, ಹನ್ನೆರಡೂವರೆಗೆ ಮಾದಾಪುರದ ಬಸ್ಸು, ಆಸ್ಪತ್ರೆಯ ಬೆಂಚಿನ ಮೇಲೆ ಸೊಸೆ ದಮಯಂತಿ ಆರು ದಿನದ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಕಾಯುತ್ತಿದ್ದಾಳೆ, ಕೂಸಿನ ಮೈಮೇಲೆ ಆಸ್ಪತ್ರೆಯವರು ಸುತ್ತಿಕೊಟ್ಟ ಫ್ಲಾನೆಲ್ಲು, ಅದೂ ಗುಲಾಬಿ. ಬೇರೆ ಉಂಟಾ ಸಾವ್ಕಾರ್ರೆ, ಗುಲಾಬಿ ಬಿಟ್ಟು ಯಾವುದಾದರೂ. ಹೆಣ್ ಮಗೀಗೆ ಇದೇ ಕಣಮ್ಮ, ಗಂಡಿಗೆ ನೀಲಿ, ಹೆಣ್ಣಿಗೆ ರೋಸು, ದೊರೆಸಾನೀರ ಕಾಲ್ದಿಂದ ನಡ್ಕಂಡ್ ಬಂದಿರೋದು. ದೊರೆಸಾನಿಯರು ಹಡಗು ಹತ್ತಿ ಹತ್ತು ವರ್ಷವಾಯಿತು, ಕೊಡಗು ಮೈಸೂರಿಗೆ ಸೇರಿ ಎರಡನೇ ವರ್ಷ ನಡೆಯುತ್ತಿದೆ, ಚೀಫ್ ಕಮಿಷನರು ಹೋಗಿ ಡೆಪ್ಯುಟಿ ಕಮಿಷನರು ಬಂದರು, ಬೋರ್ಡು ಬದಲಾಯಿತು, ಸೀಲು ಬದಲಾಯಿತು, ಈ ಬಣ್ಣವೊಂದು ಮಾತ್ರ ರಾಜೀನಾಮೆ ಕೊಡದೆ ಕುಳಿತಿದೆ. ಅಷ್ಟೊಂದು ಬ್ಯಾಡ ಅಂದ್ರೆ ನೀಲೀನೇ ತಗಳ್ಳಿ, ಮಗೀಗೇನು ತಿಳೀತದೆ, ಎಂದ ಕಲ್ಲೇಶಪ್ಪ. ನೀಲಿ ಬೇಡ, ಎಂದಳು, ಏಕೆ ಬೇಡ ಎಂದು ಹೇಳಲಿಲ್ಲ, ಹೇಳುವಂಥದ್ದೂ ಅಲ್ಲ — ನೀಲಿ ತೊಡಿಸಿದರೆ ಸುಳ್ಳು ಹೇಳಿದ್ದು ತಾನಾಗುತ್ತಾಳೆ, ನೀಲಿಯೂ ಅಲ್ಲದ ಗುಲಾಬಿಯೂ ಅಲ್ಲದ ಒಂದನ್ನು ತೊಡಿಸಿದರೆ ತಪ್ಪು ತಿಳಿದುಕೊಂಡದ್ದು ಯಜಮಾನರಾಗುತ್ತಾರೆ, ಇಷ್ಟು ವ್ಯತ್ಯಾಸ ಇಗ್ಗುತಪ್ಪ ದೇವರಿಗೆ ಅರ್ಥವಾದೀತು, ಕಲ್ಲೇಶಪ್ಪನಿಗೆ ಆಗುವುದು ಬೇಡ.

ಯಜಮಾನರು ಎಂದರೆ ಅವಳ ಗಂಡ ಸಾಂತಪ್ಪ, ಮೂವತ್ತು ವರ್ಷ ಪಾಲಿಬೆಟ್ಟದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿ ದೊರೆಯ ನೆರಳಿನಲ್ಲಿ ನಿಂತು, ಪೆನ್ಷನಿನ ಜೊತೆಗೆ ದೊರೆಯ ಕ್ರಮಗಳನ್ನೂ ಮೂಟೆ ಕಟ್ಟಿಕೊಂಡು ಬಂದವರು, ಈಗಲೂ ಬಾಳೆಹಣ್ಣನ್ನು ಚೂರಿಯಲ್ಲಿ ಕೊಯ್ದು ತಿನ್ನುತ್ತಾರೆ. ದೂರದ್ದು ಗಿಡುಗಕ್ಕೆ ಕಂಡ ಹಾಗೆ ಕಾಣುತ್ತದೆ, ಹತ್ತಿರದ್ದು ತಟ್ಟೆಯ ಅನ್ನವೂ ಕಾಣುವುದಿಲ್ಲ. ಹೆರಿಗೆಗೆ ಹೊರಟ ದಿನ ಅವರೇ ಹೇಳಿದ್ದು, ಹೈದನೋ ಗೂಡೆಯೋ, ಗಂಡೋ ಹೆಣ್ಣೋ ಅಂತ ಯಾರೂ ನನಗೆ ಹೇಳಿ ಕಳಿಸುವುದು ಬೇಡ, ಆಸ್ಪತ್ರೆಯಲ್ಲಿ ಕ್ರಮ ಪ್ರಕಾರ ಬಟ್ಟೆ ಕೊಡ್ತಾರೆ, ನೀವು ತಿರುವಿನಲ್ಲಿ ಬಸ್ಸಿಳಿಯುವಾಗ ಬಣ್ಣ ನೋಡಿಯೇ ನಾನು ಗೊತ್ತು ಮಾಡ್ಕೊಳ್ತೇನೆ. ಸರಿ ಎಂದು ಅವಳೂ ಬಸ್ಸಿನ ಕಂಡಕ್ಟರನ ಬಾಯಲ್ಲಿ ಇಷ್ಟೇ ಹೇಳಿಕಳಿಸಿದ್ದಳು, ಹೆರಿಗೆ ಆಯಿತು, ಇಬ್ಬರೂ ಕ್ಷೇಮ, ಶನಿವಾರ ಬರ್ತೇವೆ. ಈಗ ಅವರು ಅಂಗಳದ ಅಂಚಿನಲ್ಲಿ ನಿಂತಿರುತ್ತಾರೆ, ಮಗ್ಗುಲಲ್ಲಿ ಕೋವಿ. ನಮ್ಮ ಕಡೆ ಹೈದ ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು, ಗೂಡೆ ಹುಟ್ಟಿದರೆ ಕೋವಿಗೆ ರಜೆ. ಒಂದು ಗುಂಡಾದರೆ ತೊಟ್ಟಿಲು, ಎರಡಾದರೆ ಗುಂಡಿ, ಗುಡ್ಡದಾಚೆಯವರು ಕೂಡ ಕಳೆ ಕೀಳುತ್ತ ಕಿವಿಯಲ್ಲೇ ಎಣಿಸಿಕೊಳ್ಳುತ್ತಾರೆ, ಸೊನ್ನೆಯನ್ನು ಮಾತ್ರ ಯಾರೂ ಎಣಿಸುವುದಿಲ್ಲ. ಬೊಳ್ಳಮ್ಮ ಎಣಿಸಿದ್ದಾಳೆ, ಮೂರು ಸಲ. ಬಾಣಂತಿ ಕೋಣೆಯ ಬಾಗಿಲು ಅರ್ಧ ತೆರೆದಿರುತ್ತಿತ್ತು, ಎದುರಿನ ಗೋಡೆಯಲ್ಲಿ ಎರಡು ಮೊಳೆಯ ಮೇಲೆ ಕೋವಿ, ತೇವ ಇಳಿಯದಿರಲಿ ಎಂದು ಅದರ ಬಾಯಿಗೆ ತುರುಕಿದ ಬಟ್ಟೆ, ಗುಂಡು ಹೊಡೆಯುವಾಗ ಮಾತ್ರ ಕೀಳುವುದು, ಮಾವನವರ ಕಾಲದ ಸೊಂಟಪಟ್ಟಿಯಿಂದ ಹರಿದ ಕೆಂಪು ರೇಷ್ಮೆಯ ತುಂಡು, ಹೊಗೆಗೂ ಬಿಸಿಲಿಗೂ ಬಣ್ಣ ಇಳಿದು ಇಳಿದು ಗುಲಾಬಿಯಾದದ್ದು, ನಾಲಿಗೆಯ ಹಾಗೆ ಹೊರಗೆ ಜೋತಾಡುತ್ತಿತ್ತು. ಮೊದಲನೆಯ ಮಗಳನ್ನು ಪಕ್ಕದಲ್ಲಿಟ್ಟುಕೊಂಡು ಅದನ್ನೇ ನೋಡಿದಳು, ಎರಡನೆಯವಳನ್ನು ಇಟ್ಟುಕೊಂಡು ಅದನ್ನೇ, ಮೂರನೆಯವಳ ಹೊತ್ತಿಗೆ ಬಾಗಿಲು ಮುಚ್ಚಿ ಎಂದಳು, ಗಾಳಿ ಬೇಕು ಎಂದು ಯಾರೂ ಮುಚ್ಚಲಿಲ್ಲ. ಊರಿಗೆ ಆ ಮೂವರು ಹುಟ್ಟಿದ್ದು ಗೊತ್ತಾದದ್ದು ಬಟ್ಟೆ ಒಗೆಯುವ ಮಾರಿಯಿಂದ, ಬಾಣಂತಿಯ ಮೈಲಿಗೆ ಬಟ್ಟೆಯ ಗಂಟು ಹೊತ್ತು ಹೊಳೆಗೆ ಹೋಗುವಾಗ ಕೇಳಿದವರಿಗೆ ಅವಳು ಹೇಳಿದ್ದು, ಗೂಡೆಯಂತೆ. ನಾಲ್ಕನೆಯವನು ಜಯಪ್ಪ, ಈಗ ಮಿಲಿಟರಿಯಲ್ಲಿ ಇದ್ದಾನೆ, ಅವನು ಅಳುವುದಕ್ಕಿಂತ ಮೊದಲು ಕೋವಿ ಅತ್ತಿತು, ಸಂಜೆಯೊಳಗೆ ಅಂಗಳ ತುಂಬ ಜನ, ಬೆಲ್ಲ, ತೆಂಗಿನಕಾಯಿ, ಕಾಲು ಕಟ್ಟಿದ ಕೋಳಿ. ಅವನ ಮಗಳು ಇದು, ಬೆಂಚಿನ ಮೇಲೆ ಇರುವುದು, ಮಾರಿಯ ಗಂಟಿನಲ್ಲಿ ಹೋಗುವ ಸುದ್ದಿ ಇವಳಲ್ಲ, ಅಲ್ಲ ಎಂದರೆ ಅಲ್ಲ.

ಗುಲಾಬಿ ಕಂಡಿತೋ, ಯಜಮಾನರು ಅಲ್ಲಿಂದಲೇ ತಿರುಗಿ ಒಳಗೆ ಹೋಗಿ ಕೋವಿಯನ್ನು ಮೊಳೆಗೆ ಹಾಕುತ್ತಾರೆ, ಸಿಟ್ಟಿಲ್ಲ, ಬೇಜಾರೂ ಇಲ್ಲ, ಕ್ರಮ ಅಷ್ಟೆ, ಆಮೇಲೆ ಕೈ ತೊಳೆದು ಬಂದು ಕೂಸನ್ನು ಎತ್ತಿಕೊಂಡು ಮುದ್ದು ಕೂಡ ಮಾಡುತ್ತಾರೆ, ಕೆಟ್ಟವರಾಗಿದ್ದರೆ ಜಗಳಕ್ಕಾದರೂ ಸುಲಭವಿತ್ತು. ಗುಲಾಬಿಯ ಸುಳಿವಿಲ್ಲದಿದ್ದರೆ ನಿಲ್ಲುತ್ತಾರೆ, ನೀಲಿ ಮಾಸಿರಬೇಕು ಎಂದುಕೊಂಡಾರು, ಹೊಡೆದಾರು, ಹೊಡೆದ ಮೇಲೆ ಹೊಡೆದದ್ದೇ, ಗುಂಡಿಗೆ ವಾಪಸು ಬರುವ ದಾರಿ ಇಲ್ಲ — ಹೀಗೆ ಲೆಕ್ಕ ಹಾಕುತ್ತ ಕಲ್ಲೇಶಪ್ಪನ ಅಂಗಡಿ ಬಿಟ್ಟು ಏರು ಹತ್ತಿ ಬಂದವಳಿಗೆ ಮಿಷನ್ನಿನ ಟಕಟಕ ಕೇಳಿಸಿತು, ಟೈಲರ್ ಸಣ್ಣಸ್ವಾಮಿಯ ಗೂಡು, ಗೂಡೊಳಗೆ ಅವನು ಬಾಯಲ್ಲಿ ನೂಲು ಕಚ್ಚಿಕೊಂಡು ಕೂತಿದ್ದಾನೆ. ಕೂಸಿಗೊಂದು ಅಂಗಿ ಒಂದು ಗಂಟೆಯಲ್ಲಿ ಆಗಬೇಕು, ಗುಲಾಬಿ ಬೇಡ, ನೀಲಿ ಬೇಡ. ಬಿಳಿ? ಬಿಳಿ ಬೇಡ, ದೂರದಿಂದ ಬಿಳಿ ಕಂಡರೆ ಎರಡು ಗುಂಡು ಹೊಡೆದಾರು. ಅವನಿಗೆ ಅರ್ಥವಾಗಲಿಲ್ಲ, ಆದರೂ ನಕ್ಕ, ಟೈಲರುಗಳು ಅಳತೆ ತಪ್ಪಿದಾಗ ನಗುವ ನಗು, ಮೇಜಿನ ಕೆಳಗಿನ ಚಿಂದಿ ಮೂಟೆಯನ್ನು ಕಾಲಲ್ಲಿ ಎಳೆದು ಕೆದಕಿದ, ಖಾಕಿ ಬಂತು, ಮದುವೆಗೆ ತೊಡುವ ಕಪ್ಪು ಕುಪ್ಯದ ನಿಲುವಂಗಿಯ ತುಂಡು ಬಂತು, ಕೊನೆಗೆ ಹಸಿರು ಬಂತು, ಬೇಲಿ ಸೊಪ್ಪಿನ ಹಸಿರಲ್ಲ, ಗಿಳಿ ಹಸಿರೂ ಅಲ್ಲ, ಮಳೆಗಾಲ ಕಳೆದ ಮೇಲೆ ದನ ಮೇಯುವ ಬಾಣೆಯ ಹುಲ್ಲಿನ ಹಸಿರು, ಉಣ್ಣೆಯದ್ದು, ಮುಟ್ಟಿದರೆ ಕರುವಿನ ಕಿವಿ. ಎಲ್ಲಿಂದ ತಂದದ್ದು? ಪಾಲಿಬೆಟ್ಟದ ದೊರೆಗಳ ಕ್ಲಬ್ಬಿನದ್ದಮ್ಮ, ಬಿಲಿಯರ್ಡ್ ಆಡುವ ಮೇಜಿಗೆ ಹೊಸ ಬಟ್ಟೆ ಹಾಕಿದ್ರು, ಹಳೇದನ್ನ ನಾನು ಎತ್ಕೊಂಡೆ, ಇಪ್ಪತ್ತು ವರ್ಷ ದಂತದ ಗೋಲಿ ಉರುಳಿದ ಬಟ್ಟೆ, ಕೂಸು ಉರುಳಿದ್ರೆ ಹರಿಯೋದಿಲ್ಲ. ಒಳಗೆ ಹಳೇ ಮಲ್ಲು ಬಟ್ಟೆ ಕೊಟ್ಟು ಹೊಲಿ, ಚುಚ್ಚಬಾರದು. ಆಯ್ತು. ಬಟ್ಟೆಯನ್ನು ಬೆಳಕಿಗೆ ಹಿಡಿದಳು, ಮೂಲೆಯಲ್ಲಿ ಆಟದ ಕೋಲಿನ ತುದಿಗೆ ಉಜ್ಜುವ ಸೀಮೆಸುಣ್ಣದ ಕಲೆ, ಕಡಲೆಕಾಳಿನಷ್ಟು, ನೀಲಿ. ಇದನ್ನು ಬಿಟ್ಟು ಕತ್ತರಿಸು. ಅಷ್ಟು ಚುಕ್ಕೆ ಯಾರಿಗೆ ಕಾಣ್ತದಮ್ಮ. ನನಗೆ ಕಾಣ್ತದೆ, ಬಿಟ್ಟು ಕತ್ತರಿಸು. ಕತ್ತರಿ ಕಲೆಯ ಸುತ್ತ ಪ್ರದಕ್ಷಿಣೆ ಬಂತು. ಮಿಷನ್ನು ಓಡಿತು, ಸೂಜಿ ಮೇಲೆ ಕೆಳಗೆ, ಮೇಲೆ ಕೆಳಗೆ, ಎದುರಿನ ಗೋಡೆಯಲ್ಲಿ ಏನೂ ಇರಲಿಲ್ಲ, ಒಂದು ಕ್ಯಾಲೆಂಡರು ಬಿಟ್ಟರೆ, ಆದರೂ ಅವಳಿಗೆ ಅಲ್ಲಿ ಎರಡು ಮೊಳೆ ಕಂಡವು, ಮೊಳೆಯ ಮೇಲೆ ಕೋವಿ, ಕೋವಿಯ ಬಾಯಿ, ಬಾಯಿಯ ಬಟ್ಟೆ.

ಬಸ್ಸು ತಿರುವು ತಿರುವಿಗೂ ಮೈ ವಾಲಿಸುತ್ತಿತ್ತು. ಹಸಿರು ಅಂಗಿಯಲ್ಲಿ ಕೂಸು ನಿದ್ದೆ ಮಾಡುತ್ತಿದೆ, ಕತ್ತು ಕಾಣದ ಹಾಗೆ, ಬಾಳೆಲೆಯಲ್ಲಿ ಕಟ್ಟಿದ ಕಡುಬಿನ ಹಾಗೆ, ಬಿಚ್ಚಿದ ಗುಲಾಬಿ ಫ್ಲಾನೆಲ್ಲು ಚೀಲದ ತಳದಲ್ಲಿ. ಅತ್ತೆ, ಇದೆಂಥ ಬಣ್ಣ ಹುಡುಕಿದ್ದು ನೀವು, ಎಂದು ದಮಯಂತಿ ಕೇಳಿದಳು, ಕೇಳುವಾಗ ನಗುತ್ತಿದ್ದಳು, ಬೊಳ್ಳಮ್ಮ ಪಿಸುದನಿಯಲ್ಲಿ ಎಲ್ಲ ಹೇಳಿದಳು, ಹೇಳಿ ಮುಗಿಯುವ ಹೊತ್ತಿಗೆ ಆ ನಗು ಇರಲಿಲ್ಲ. ಮಾವ ಹೈದ ಅಂತ ತಿಳ್ಕೊಂಡು ಹೊಡೆದರೆ ಅದು ಇವಳಿಗೆ ಹೊಡೆದದ್ದು ಹೇಗಾಗ್ತದೆ ಅತ್ತೆ, ಹುಟ್ಟದೇ ಇದ್ದ ಹೈದನಿಗೆ ಹೊಡೆದದ್ದು. ಬೊಳ್ಳಮ್ಮ ಕಿಟಕಿಯ ಕಡೆ ತಿರುಗಿದಳು. ಜನ ಬೆಲ್ಲ ಹಿಡ್ಕೊಂಡು ಬರ್ತಾರೆ, ತೊಟ್ಟಿಲು ಬಗ್ಗಿ ನೋಡ್ತಾರೆ, ತಪ್ಪಿ ಹೊಡೆದ ಗುಂಡಿನ ಗೂಡೆ ಅಂತ ಹೆಸರು ಬೀಳ್ತದೆ, ಮದುವೆ ಚಪ್ಪರದಲ್ಲೂ ಅದನ್ನೇ ಹೇಳಿ ನಗ್ತಾರೆ, ಬೇಡ ಅತ್ತೆ, ಅದಕ್ಕಿಂತ ಮಾರಿಯ ಗಂಟೇ ಆಗಬಹುದು. ಮಾರಿಯ ಗಂಟು ಆಗಲಿಕ್ಕಿಲ್ಲ, ಎಂದಳು ಬೊಳ್ಳಮ್ಮ, ಬಸ್ಸಿನ ಸದ್ದಿಗಿಂತ ಜೋರಾಗಿ, ಮುಂದಿನ ಸೀಟಿನವರು ತಿರುಗಿ ನೋಡಿದರು. ಆದರೆ ಎಂಟನೇ ಕ್ಲಾಸು ಓದಿದ ಹುಡುಗಿ ಹೇಳುವುದರಲ್ಲಿ ಎಲ್ಲೋ ಒಂದು ಮುಳ್ಳು ಇತ್ತು, ಇಷ್ಟು ದಿನ ತಾನು ಲೆಕ್ಕ ಹಾಕಿದ್ದು ಸದ್ದಿನವರೆಗೆ ಮಾತ್ರ, ಢಂ ಎಂದ ಮೇಲೆ ಏನು ಎಂದು ಲೆಕ್ಕವೇ ಇಲ್ಲ, ಸದ್ದಿನ ಆಚೆಗೆ ಇಡೀ ಒಂದು ಜನ್ಮ ಉಂಟಲ್ಲ, ಅದನ್ನು ಬಾಳಬೇಕಾದವಳು ಕಡುಬಿನ ಹಾಗೆ ಮಲಗಿದ್ದಾಳೆ. ಮೋಸದ ಗುಂಡು ಮೂರು ಸೊನ್ನೆಯ ಪಕ್ಕದಲ್ಲಿ ಕೂತರೆ ಅದೂ ನಾಲ್ಕನೇ ಸೊನ್ನೆಯೇ. ಹಾಗಾದರೆ? ಹಾಗಾದರೆ ಹೇಳಿಯೇ ಹೊಡೆಸುವುದು. ಹೇಳಬೇಕಾದರೆ ಹತ್ತಿರ ಹೋಗಬೇಕು, ತಿರುವಿನಿಂದ ಅಂಗಳಕ್ಕೆ ಇನ್ನೂರು ಹೆಜ್ಜೆ ಇಳಿಜಾರು, ಅಷ್ಟೂ ಹೊತ್ತು ಅವರು ಕೋವಿ ಹಿಡಿದು ನಿಂತೇ ಇರಬೇಕು, ನಿಲ್ಲಿಸುವುದಕ್ಕಾದರೂ ಈ ಹಸಿರು ಬೇಕೇ ಬೇಕು, ಪೇಟೆ ಸುತ್ತಿದ್ದು ದಂಡವಲ್ಲ. ಅಂಗಿಯ ಗುಂಡಿ ಭದ್ರ ಮಾಡಿದಳು. ಕೂಸನ್ನು ನನ್ನ ಕೈಗೆ ಕೊಡು, ಇಳಿಯುವುದು ನಾನು ಮೊದಲು.

ಕಾಫಿ ಹೂ ಬಿಟ್ಟಿದೆ, ದಾರಿಯ ಎರಡು ಕಡೆಯೂ ಬಿಳಿ, ಜೇನಿನ ಗುಂಯ್, ಇನ್ನೂರು ಹೆಜ್ಜೆ, ಅವರು ಇದ್ದಾರೆ, ಅಂಗಳದ ಅಂಚಿನಲ್ಲೇ, ಹಣೆಗೆ ಅಡ್ಡ ಕೈ, ಮಗ್ಗುಲಲ್ಲಿ ನೆಟ್ಟಗೆ ಕೋವಿ, ಅದರ ತುದಿಯಲ್ಲಿ ಒಂದಿಷ್ಟು ಗುಲಾಬಿ ಗಾಳಿಗೆ ಆಡುತ್ತಿದೆ, ಇಡೀ ಗುಡ್ಡದಲ್ಲಿ ಅದೊಂದೇ ಗುಲಾಬಿ. ಅವರ ಕೈ ಹಣೆಯಿಂದ ಇಳಿದು ಆ ಬಟ್ಟೆಗೆ ಹೋಯಿತು, ಬಿಟ್ಟಿತು, ಮತ್ತೆ ಹೋಯಿತು, ಮತ್ತೆ ಬಿಟ್ಟಿತು, ಹಸಿರಿಗೆ ದೊರೆ ಯಾವ ಉತ್ತರವನ್ನೂ ಕಲಿಸಿರಲಿಲ್ಲ. ನೂರು ಹೆಜ್ಜೆ. ಎಂತ ಬಣ್ಣ ಅದು ಬೊಳ್ಳೀ, ಎಂದು ಕೂಗಿದರು. ಅವಳು ನಡೆದಳು, ಮಾತು ಮುಟ್ಟುವಷ್ಟು ಹತ್ತಿರ ಇನ್ನೂ ಬಂದಿಲ್ಲ, ಹಿಂದೆ ದಮಯಂತಿಯ ಉಸಿರು, ಐವತ್ತು, ಇಪ್ಪತ್ತು, ಅಂಗಳ. ಗೂಡೆ, ಎಂದಳು. ಅವರ ಭುಜ ಇಳಿಯಿತು, ಕ್ಷೇಮ ತಾನೇ, ಒಳ್ಳೇದಾಯ್ತು, ಎಂದರು, ಬಾಗಿಲ ಕಡೆ ತಿರುಗಿದರು. ನಿಲ್ಲಿ. ನಿಂತರು. ಗೂಡೆಯೇ, ಹೊಡೀರಿ. ಗೂಡೆಗೆ ಹೊಡೆಯುವ ಕ್ರಮ ಇಲ್ಲ ಬೊಳ್ಳಿ. ಇಲ್ಲ ಅಂತ ನನಗೆ ಗೊತ್ತುಂಟು, ಮೂರು ಸಲ ಮಲಗಿಕೊಂಡೇ ಗೊತ್ತು ಮಾಡಿಕೊಂಡಿದ್ದೇನೆ. ಊರವರು ಹೈದ ಅಂತ ಬರ್ತಾರಲ್ಲ. ಬರಲಿ, ಮೆಟ್ಟಿಲಲ್ಲೇ ನಿಂತು ನಾನು ಹೇಳ್ತೇನೆ, ಗೂಡೆ, ಗೊತ್ತಿದ್ದೇ ಹೊಡೆದದ್ದು, ಕಾಫಿ ಕುಡಿದು ಹೋಗಿ. ಅವರು ಬಗ್ಗಿ ಕೂಸನ್ನು ನೋಡಿದರು, ಹತ್ತಿರದ್ದು ಕಾಣದ ಕಣ್ಣಿಗೆ ಏನು ಕಂಡಿತೋ, ಬೆರಳಿನಲ್ಲಿ ಮುಟ್ಟಿದರು, ಬೆರಳು ಅಂಗಿಯ ಮೇಲೆ ನಿಂತಿತು. ಈ ಹಸಿರು ಕ್ಲಬ್ಬಿನ ಮೇಜಿನದ್ದಲ್ವಾ. ಹೌದು. ಮೂವತ್ತು ವರ್ಷ ರಿಜಿಸ್ಟರು ಹಿಡ್ಕೊಂಡು ಅದರ ಬಾಗಿಲ ಹೊರಗೆ ನಿಂತಿದ್ದೆ, ಮುಟ್ಟಲಿಕ್ಕೆ ಬಿಡ್ತಿರಲಿಲ್ಲ. ಬೆರಳು ಹಸಿರಿನ ಮೇಲೆ ಒಂದು ಸಲ ಹೋಗಿ ಬಂತು, ಇನ್ನೊಂದು ಸಲ ಹೋಗಿ ಬಂತು. ಒಳಗೆ ಹೋಗಲಿಲ್ಲ ಅವರು, ಹೊಡೆಯಲೂ ಇಲ್ಲ, ಕೋವಿ ಹಿಡಿದು ನಿಂತೇ ಇದ್ದರು, ಬೊಳ್ಳಮ್ಮ ಕೂಸನ್ನು ತಾಯಿಯ ಕೈಗಿಟ್ಟು, ಜೋತ ಗುಲಾಬಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದಳು, ಅವರು ಕೋವಿ ಸರಿಸಲಿಲ್ಲ, ಎಳೆದಳು, ಬರಲಿಲ್ಲ, ವರ್ಷಗಟ್ಟಲೆ ಕಚ್ಚಿಕೊಂಡದ್ದು, ಎಳೆದಳು, ಬಂತು, ಬಿಸಿಲು ಕಾಣದೆ ಒಳಗಿದ್ದ ಭಾಗ ಇನ್ನೂ ಕೆಂಪಗೇ ಇತ್ತು, ಅಂಗೈಯಲ್ಲಿ ಅರ್ಧ ಗುಲಾಬಿ ಅರ್ಧ ಕೆಂಪು, ಹಿಂದೆ ದಮಯಂತಿ ಕೂಸಿನ ಕಿವಿ ಎರಡನ್ನೂ ಮುಚ್ಚುತ್ತಿದ್ದಾಳೆ, ಯಜಮಾನರ ಕೈ ಮೇಲೇಳುತ್ತಿದೆ, ಕೋವಿಯ ಬಾಯಿ, ಮೇಲಕ್ಕೆ, ಕಾಫಿ ಹೂವಿನ ಮೇಲಕ್ಕೆ, ಬಾಯಿ, ದುಂಡಗೆ, ಕಪ್ಪಗೆ, ಬಟ್ಟೆಯಿಲ್ಲದ ಬಾಯಿ —