ಸ್ಕೇಲಿನ ಕೆಳಗಿನ ಬೆಳಕು

ಬೆಳಕು ನುಸುಳುತ್ತಿದೆ, ಸ್ಕೇಲಿನ ಕೆಳಗೆ, ಕೂದಲೆಳೆಯಷ್ಟು, ಇಲ್ಲ, ಉಗುರಿನ ದಪ್ಪ ಇರಬೇಕು, ಕಣ್ಣಿಗೇ ಏನೋ ಆಗಿದೆ ಅಂದುಕೊಂಡು ಮುಖ ತೊಳೆದು ಬಂದು ಮತ್ತೆ ಬಗ್ಗಿ ನೋಡುತ್ತೇನೆ, ಇದೆ, ಗಾಜಿನ ಹಲಗೆಯ ಮೇಲೆ ಅಣ್ಣನ ಕಾರಿನ ಹದಿನಾರು ವಾಲ್ವ್ ಸ್ಪ್ರಿಂಗ್‌ಗಳು ಶಾಲೆ ಮಕ್ಕಳ ಹಾಗೆ ಸಾಲಾಗಿ ನಿಂತಿವೆ, ತಲೆಯ ಮೇಲೆ ಅಡ್ಡಲಾಗಿ ಉಕ್ಕಿನ ಸ್ಕೇಲು, ಹನ್ನೆರಡು ಮುಟ್ಟುತ್ತವೆ, ನಾಲ್ಕು ಮುಟ್ಟುವುದಿಲ್ಲ, ಇಲ್ಲೆರಡು ಅಲ್ಲೆರಡು — ನೋಡೇ ಗಿಡ್ಡಿ, ನಿನ್ನ ಅಕ್ಕತಂಗೀರು ಬಂದಿದ್ದಾರೆ, ಕುಳ್ಳಗಾದ ಸ್ಪ್ರಿಂಗ್ ಸಿಕ್ಕಾಗಲೆಲ್ಲ ಅಣ್ಣ ಹೀಗೇ ಅನ್ನುತ್ತಿದ್ದ, ನಾನು ಒರೆಸುವ ಬಟ್ಟೆಯನ್ನು ಅವನ ಮುಖಕ್ಕೆ ಎಸೆಯುತ್ತಿದ್ದೆ. ಈಗ ಎಸೆಯಲು ಬಟ್ಟೆ ಕೈಯಲ್ಲಿದೆ, ಅಷ್ಟೇ. ಈ ಕೆಲಸ ಕಲಿಸಿದ್ದೇ ಅವನು, ಸ್ಪ್ರಿಂಗ್ ಅಳೆಯೋ ಹುಡುಗಿಗೆ ಗಂಡು ಎಲ್ಲಿಂದ ತರಲಪ್ಪಾ ಎಂದು ಚಿಕ್ಕಮ್ಮ ತಲೆ ಚಚ್ಚಿಕೊಂಡಾಗ, ಗಂಡನ್ನೂ ಅಳೆದೇ ತಗೊಳ್ತಾಳೆ ಬಿಡಿ ಅಂದವನೂ ಅವನೇ.

ರೇಸಿನಲ್ಲಿ ಬೇರೆಯವರೆಲ್ಲ ಗಟ್ಟಿ ಸ್ಪ್ರಿಂಗ್ ಹಾಕಿಸಿಕೊಂಡು ಮೆರೆಯುತ್ತಿದ್ದಾಗಲೂ ಅವನು ಕಾರ್ಖಾನೆಯವರು ಕೊಟ್ಟದ್ದನ್ನು ಬಿಡಲಿಲ್ಲ, ಗಟ್ಟಿಯಾದರೆ ವಾಲ್ವ್ ಒತ್ತುವ ಕ್ಯಾಮ್ ಸವೆಯುತ್ತೆ ಕಣೇ, ಇದಕ್ಕೊಂದು ಮಿತಿ ಇದೆ, ನಿಮಿಷಕ್ಕೆ ಏಳು ಸಾವಿರ ಸುತ್ತಿನವರೆಗೆ ನಮ್ಮದು, ಆಮೇಲೆ ದೇವರದು, ಏಳು ಸಾವಿರದಲ್ಲಿ ಒಂದೊಂದು ಸ್ಪ್ರಿಂಗೂ ನಿಮಿಷಕ್ಕೆ ಮೂರೂವರೆ ಸಾವಿರ ಸಲ ಬಗ್ಗಿ ಏಳಬೇಕು, ಕುದಿಯುವ ಎಣ್ಣೆಯಲ್ಲಿ, ಏಳುವುದು ಒಂದಿಷ್ಟು ತಡವಾದರೂ ವಾಲ್ವ್ ಮುಚ್ಚುವ ಮೊದಲೇ ಪಿಸ್ಟನ್ ಬಂದು ಬಡಿಯುತ್ತದೆ, ಅಲ್ಲಿಗೆ ಇಂಜಿನ್ ಮುಗಿಯಿತು — ಸ್ಪ್ರಿಂಗಿಗೆ ಇಷ್ಟೆಲ್ಲ ಲೆಕ್ಕ ಇಟ್ಟವನು ತನಗೆ ಇಡಲಿಲ್ಲ, ಊಟ ಮುಂದಿಟ್ಟರೆ ಆಮೇಲೆ, ಡಾಕ್ಟರ್ ಅಂದರೆ ಮುಂದಿನ ವಾರ, ಮೆಟ್ಟಿಲು ಹತ್ತಿ ಗೋಡೆ ಹಿಡಿದು ನಿಂತವನನ್ನು ಏನೋ ಅಂದರೆ ಏನಿಲ್ಲ, ಏನಿಲ್ಲ, ಆ ಏನಿಲ್ಲದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಸತ್ತವನ ಮೇಲೆ ಸಿಟ್ಟು ಮಾಡಿಕೊಂಡು ಎಲ್ಲಿ ಹಾಕುವುದು, ನುಂಗಿಕೊಂಡು ಕೆಲಸಕ್ಕೆ ಬರುತ್ತೇನೆ.

ಆಸ್ಪತ್ರೆಯ ಹಾಸಿಗೆಯಲ್ಲೂ ಕಾರಿನದೇ ಮಾತು. ಅಪ್ಪಾ, ನಿಂತ ಇಂಜಿನ್‌ನಲ್ಲಿ ಯಾವಾಗಲೂ ಒಂದೆರಡು ಜೊತೆ ಸ್ಪ್ರಿಂಗು ಒತ್ತಿಕೊಂಡೇ ಇರುತ್ತೆ, ವಾರಕ್ಕೊಂದ್ಸಲ ಪಾನಾ ಹಾಕಿ ಇಂಜಿನ್ನು ಕೈಯಲ್ಲೇ ಸ್ವಲ್ಪ ತಿರುಗಿಸಿ, ಇಲ್ಲಾಂದ್ರೆ ಅವು ಹಾಗೇ ಕುಗ್ಗಿ ಹೋಗುತ್ವೆ, ಅಪ್ಪ ತಲೆಯಾಡಿಸಿದರು, ಇಡೀ ಜನ್ಮ ಬಟ್ಟೆ ಹೊಲಿದ ದರ್ಜಿ, ಪಾನಾ ಯಾವ ಕಡೆ ತಿರುಗಿಸಬೇಕೆಂದು ಎರಡೆರಡು ಸಲ ಕೇಳಿಕೊಂಡರು. ಅವನು ಹೋದ ಮೇಲೆ ಎರಡು ವರ್ಷ ಒಂದು ಭಾನುವಾರವೂ ತಪ್ಪಿಸಿಲ್ಲ, ಬೆಳಿಗ್ಗೆ ಕಾಫಿ ಕುಡಿದು ಕಾರು ನಿಂತಿದ್ದ ಶೆಡ್ಡಿನ ಬೀಗದ ಕೈ ಹಿಡಿದು ಹೋಗುವರು, ಬಂದು ಚಪ್ಪಲಿ ಬಿಡುತ್ತಾ, ತಿರುಗಿಸಿ ಬಂದೆ ಎನ್ನುವರು, ಅಮ್ಮ ಹೂಂ ಎನ್ನುವಳು, ಮನೆಯಲ್ಲಿ ಅಣ್ಣನ ಸುದ್ದಿ ಬರುತ್ತಿದ್ದದ್ದೇ ಅಷ್ಟು. ಕೈ ಮಾತ್ರ ಯಾವಾಗಲೂ ಶುಭ್ರ, ನಲ್ಲಿಯಲ್ಲಿ ತೊಳೆದು ಬರುತ್ತಾರೆ ಅಂದುಕೊಂಡಿದ್ದೆ.

ಬಾಡಿಗೆ ಶೆಡ್ಡು ಬಿಟ್ಟುಕೊಡಬೇಕು, ನಾಳೆ ಅಣ್ಣನ ಗೆಳೆಯ ಕಾರನ್ನು ಟ್ರ್ಯಾಕಿಗೆ ಒಯ್ದು ಒಂದು ಸುತ್ತು ಓಡಿಸುತ್ತಾನೆ, ಪಕ್ಕದ ಸೀಟಿನಲ್ಲಿ ಅಪ್ಪ, ಒಂದೇ ಸಲ ಅವನು ಓಡಿಸ್ತಿದ್ದ ಹಾಗೇ ಕೂಗಿಸಪ್ಪ ಎಂದು ಅಪ್ಪನೇ ಕೇಳಿಕೊಂಡಿದ್ದಾರೆ, ನನಗೆ ಹೇಳಿದ್ದು ಇಷ್ಟೇ, ಬಿಚ್ಚಿ ನೋಡು, ಒರೆಸು, ಆದ್ರೆ ಅವನು ಕೂರಿಸಿದ್ದು ಹಾಗೇ ಇರ್ಲಿ. ನಿನ್ನೆ ಕಾರು ಇಲ್ಲಿಗೆ, ನಾನು ಕೆಲಸ ಮಾಡುವ ಗ್ಯಾರೇಜಿಗೆ ಬಂತು, ಡ್ರೈವರ್ ಸೀಟಿನ ತುಂಬ ನೂಲಿನ ಎಳೆಗಳು, ನೀಲಿ, ಬಿಳಿ, ಕಂದು, ಅಪ್ಪನ ಪ್ಯಾಂಟಿಗೆ ಸದಾ ಅಂಟಿಕೊಂಡಿರುವ ಎಳೆಗಳು, ಒಂದು ಅಂಗಿಯ ಗುಂಡಿ, ಆಗಲೇ ನನಗೆ ಅರ್ಥವಾಗಬೇಕಿತ್ತು. ಈಗ ಸ್ಕೇಲು ಹೇಳುತ್ತಿದೆ, ಇಂಜಿನ್ ನಿಂತಲ್ಲೇ ನಿಂತಿತ್ತು, ಈ ನಾಲ್ಕು ಸ್ಪ್ರಿಂಗು ಎರಡು ವರ್ಷ ತಲೆ ಎತ್ತಿಲ್ಲ, ಅಪ್ಪ ಹೋಗಿ ಕೂತು ಬರುತ್ತಿದ್ದರು. ಇವನ್ನೇ ಹಾಕಿದರೆ ನಾಳೆ ಏಳು ಸಾವಿರಕ್ಕೆ ಮೊದಲೇ ಒಡೆಯುತ್ತದೆ, ಅಪ್ಪನ ಕಣ್ಣೆದುರೇ, ಹೊಸದು ಹಾಕಿದರೆ ಯಾಕೆ ಎನ್ನುತ್ತಾರೆ, ಏನು ಹೇಳಲಿ, ಸುಮ್ಮನೆ ಬದಲಾಯಿಸಿ ಬಾಯಿ ಮುಚ್ಚಿಕೊಂಡಿರಲೇ, ಅವರ ಮಗನ ಕೈ ತಾಗಿದ್ದು ಅಂತ ನಂಬಿಕೊಂಡು ಬೇರೆ ಯಾವುದೋ ಸದ್ದು ಕೇಳಿ ಅಳಲಿ ಎಂದೇ — ಚಪ್ಪಲಿಯ ಸದ್ದು.

ಬಾಗಿಲಲ್ಲಿ ಅಪ್ಪ. ಆಯ್ತೇನಮ್ಮ. ಆಗ್ತಾ ಇದೆ ಎನ್ನುತ್ತೇನೆ, ಸ್ಕೇಲು ತೆಗೆಯಬೇಕಿತ್ತು, ತೆಗೆಯಲಿಲ್ಲ, ಅವರು ಆಗಲೇ ಕನ್ನಡಕ ಸರಿಮಾಡಿಕೊಂಡು ಬಗ್ಗಿದ್ದಾರೆ, ಅಂಚು ನೇರ ಇದೆಯೋ ಇಲ್ಲವೋ ಎಂದು ಬಟ್ಟೆ ನೋಡುವ ಕಣ್ಣು, ಆ ಕಣ್ಣಿಗೆ ಯಾವುದು ತಪ್ಪುತ್ತದೆ. ಹಳೇ ಸ್ಪ್ರಿಂಗು ಅಪ್ಪ, ಅದರ ಆಯಸ್ಸೇ ಅಷ್ಟು, ನನ್ನ ಬಾಯಿಂದ ತಾನಾಗಿಯೇ ಬಂತು. ಎಲ್ಲ ಒಟ್ಟಿಗೇ ಹಾಕಿದ್ದಲ್ವಾ, ಈ ನಾಲ್ಕಕ್ಕೆ ಮಾತ್ರ ಯಾಕೆ ಕಮ್ಮಿ ಆಯಸ್ಸು. ನಾನು ಬಟ್ಟೆಯನ್ನು ಮಡಿಸುತ್ತೇನೆ, ಬಿಚ್ಚುತ್ತೇನೆ, ಮಡಿಸುತ್ತೇನೆ. ನನ್ನ ಕೈಲಿ ಆಗ್ಲಿಲ್ಲಮ್ಮ, ಅಪ್ಪ ಸ್ಕೇಲಿಗೇ ಹೇಳುವಂತೆ ಹೇಳುತ್ತಾರೆ, ಪಾನಾ ಹಾಕ್ತಿದ್ದೆ, ಹಾಕಿ ನಿಲ್ತಿದ್ದೆ, ಇಂಜಿನ್ನು ಅವನೇ ನಿಲ್ಲಿಸಿ ಹೋದ ಜಾಗ ಅದು, ತಿರುಗಿಸಿದ್ರೆ ಆ ಜಾಗ ತಪ್ಪಿ ಹೋಗುತ್ತೆ ಅನ್ನಿಸೋದು, ಆಮೇಲೆ ನಾನು ಎಲ್ಲೀಂತ ಹುಡುಕ್ಲಿ.

ಹೊಸ ಸ್ಪ್ರಿಂಗ್ ಡ್ರಾಯರಿನಲ್ಲಿದೆ ಅಪ್ಪ ಎನ್ನಬೇಕು, ಅಷ್ಟರಲ್ಲಿ ಅವರು ಎರಡೂ ಹೆಬ್ಬೆರಳು ಚಾಚಿ ಸ್ಕೇಲಿನ ಮೇಲಿಟ್ಟಿದ್ದಾರೆ, ಇಲ್ಲೊಂದು, ಅಲ್ಲೊಂದು, ಎದ್ದ ಹೊಲಿಗೆಯನ್ನು ಒತ್ತುವ ಹಾಗೆ, ಉಕ್ಕು ಸ್ವಲ್ಪ ಬಾಗುತ್ತದೆ, ಬೆಳಕು ಇಲ್ಲ, ಹದಿನಾರೂ ಸಮ, ನೋಡು, ಒತ್ತಿದ್ರೆ ಕೂರುತ್ತೆ, ಹೌದು ಅಪ್ಪ, ಕೂರುತ್ತೆ, ಅವರ ಉಗುರು ಬೆಳ್ಳಗಾಗಿದೆ, ಬೆರಳು ತೆಗೆಯುವುದಿಲ್ಲ, ನಾನೂ ತೆಗೆಯಿರಿ ಎನ್ನುವುದಿಲ್ಲ, ತೆಗೆದರೆ ಬೆಳಕು, ಸ್ಕೇಲಿನ ಕೆಳಗೆ, ಉಗುರಿನ ದಪ್ಪ